ಬೆಟ್ಟಕ್ಕೆ ಬ್ಯಾಂಡು

ಸೋಮವಾರ ಬೆಳಿಗ್ಗೆ ಹತ್ತೂವರೆ. ಕಚೇರಿಯ ಮೀಟಿಂಗಿನಲ್ಲಿ ಎಲ್ಲರೂ ಗೋಡೆಯ ಮೇಲಿನ ಅಂಕಿಗಳನ್ನು ಭಯಭಕ್ತಿಯಿಂದ ನೋಡುತ್ತಿದ್ದಾಗ ನನ್ನ ಬಲ ಹಿಮ್ಮಡಿಗೆ ಏನೋ ಚುಚ್ಚಿತು. ಮೇಜಿನ ಕೆಳಗೆ ಕೈ ಇಳಿಬಿಟ್ಟು ಕಾಲುಚೀಲ ತಡಕಿದೆ. ಉತ್ತರಾಣಿ ಬೀಜ. ಒಂದನ್ನು ಕಿತ್ತರೆ ಪಕ್ಕದಲ್ಲೇ ಇನ್ನೊಂದು, ಒಟ್ಟು ಏಳು. ಜೀರಿಗೆಗಿಂತ ಒಂದಿಷ್ಟು ದಪ್ಪ, ಒಣಹುಲ್ಲಿನ ಬಣ್ಣ, ಎರಡು ಸೂಜಿಮೊನೆ. ವಾಷಿಂಗ್ ಮೆಷಿನ್ನಿನಲ್ಲಿ ಮುಕ್ಕಾಲು ಗಂಟೆ ತಿರುಗಿ, ಬಿಸಿಲಲ್ಲಿ ಒಣಗಿ, ಮಡಿಸಿ ಕಪಾಟಿಗೆ ಹೋದರೂ ಕಚ್ಚಿದ್ದನ್ನು ಬಿಟ್ಟಿರಲಿಲ್ಲ. ಇಷ್ಟು ನಿಷ್ಠೆ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ, ನನ್ನನ್ನೂ ಸೇರಿಸಿ. ಏಳನ್ನೂ ಕಾಗದದ ಚೂರಿನಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಮೀಟಿಂಗು ಎತ್ತ ಹೋಯಿತೋ, ನಾನಂತೂ ಸಾವನದುರ್ಗದಲ್ಲಿದ್ದೆ.

ಮಗಳು ಓದಲು ಪುಣೆಗೆ ಹೋದಮೇಲೆ ನಮ್ಮ ಭಾನುವಾರಗಳು ವಿಪರೀತ ಉದ್ದವಾದವು. ಅವನ್ನು ಒಂದಿಷ್ಟು ಮೋಟು ಮಾಡೋಣವೆಂದು ನಾನೂ ನನ್ನವಳೂ ಬೆಟ್ಟಕ್ಕೆ ಹೋಗತೊಡಗಿದೆವು. ಪತ್ರಿಕೆಯವರು ಇದಕ್ಕೆ ಚಾರಣ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಹಗ್ಗ, ಹಿಮ, ಗಡ್ಡ ಬಿಟ್ಟ ಯುವಕರು ಕಣ್ಣಮುಂದೆ ಬರುತ್ತಾರೆ. ನಮ್ಮದು ನಸುಕಿನಲ್ಲಿ ಚಿತ್ರಾನ್ನ ಕಲಸಿ, ಸೌತೆಕಾಯಿಗೆ ಉಪ್ಪು-ಖಾರದ ಪೊಟ್ಟಣ ಮರೆಯದೆ ಇಟ್ಟುಕೊಂಡು, ಸಂಜೆಯ ಕಾಫಿಗೆ ಮನೆ ಸೇರುವ ಸಂಸಾರಸ್ಥರ ಬೆಟ್ಟ. ಮಾಕಳಿದುರ್ಗಕ್ಕೆ ಹೋದೆವು, ಕೆಳಗೆ ಹಾದುಹೋಗುವ ರೈಲು ನೋಡಿದೆವು. ಮಧುಗಿರಿಯಲ್ಲಿ ಅರ್ಧಕ್ಕೇ ನನ್ನ ಮಂಡಿ ರಾಜೀನಾಮೆ ಕೊಟ್ಟಿತು. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಕೈ ಇಳಿಬಿಟ್ಟರೆ ಪುಣ್ಯವಂತರಿಗಷ್ಟೇ ನೀರು ಸಿಗುತ್ತದಂತೆ. ಅವಳಿಗೆ ಸಿಕ್ಕಿತು. ಈ ವಿಷಯವನ್ನು ನಾವು ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಅಂದರೆ ನಾನು ಮಾತಾಡುವುದಿಲ್ಲ.

ನಮ್ಮ ಅತ್ತೆ ಮಾಗಡಿ ಕಡೆಯವರು. ಚಿಕ್ಕಂದಿನಿಂದ ಸಾವನದುರ್ಗಕ್ಕೆ, ಅವರ ಬಾಯಲ್ಲಿ ಸಾವಂದಿಗೆ, ಹೋಗಿ ಬಂದು ಮಾಡಿದವರು. ಆದರೆ ಅವರ ಸಾವಂದಿ ಎಂದರೆ ಬೆಟ್ಟದ ಬುಡದ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ. ಮೇಲಿನ ಬಂಡೆ ಅವರ ಪಾಲಿಗೆ ದೇವಸ್ಥಾನಕ್ಕೆ ಹಿನ್ನೆಲೆಯಾಗಿ ನಿಲ್ಲಿಸಿದ ಪರದೆ. ನಾವು ತುದಿಗೆ ಹೋಗುತ್ತೇವೆಂದು ತಿಳಿದಾಗ ಫೋನಿನಲ್ಲಿ ಒಂದು ನಿಮಿಷ ಮೌನ. ಆಮೇಲೆ, "ಅಲ್ಲ ಕಣ್ರೀ ಅಳಿಯಂದ್ರೇ, ದೇವ್ರೇ ಬುಡದಲ್ಲಿ ತಣ್ಣಗೆ ಕೂತಿರೋವಾಗ ನೀವ್ಯಾಕೆ ಮೇಲಕ್ಕೆ ಹೋಗ್ತೀರಿ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಸಾವನದುರ್ಗದಲ್ಲಿ ದಾರಿ ಎಂಬುದಿಲ್ಲ, ಬಂಡೆಯೇ ದಾರಿ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆ; ನಾವು ಹತ್ತಿದ್ದು ಕರಿಗುಡ್ಡ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರದ ಹಳೇ ಹೆಸರು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ನೆನಪಿನದು. ಊರು ಆ ಹೆಸರನ್ನು ಕೊಡವಿಕೊಂಡರೂ ಕಲ್ಲು ಇನ್ನೂ ಹೊತ್ತುಕೊಂಡಿದೆ. ಅಂಗೈ ಊರಿದರೆ ಆ ಕಲ್ಲು ಬೆಳಗಿನ ಒಂಬತ್ತಕ್ಕೇ ದೋಸೆಕಾವಲಿ ಹದಕ್ಕೆ ಬಂದಿರುತ್ತದೆ. ಒರಟು ಹರಳು ಅಂಗೈಯಲ್ಲಿ ಚುಕ್ಕೆ ಚುಕ್ಕೆ ಅಚ್ಚೊತ್ತುತ್ತದೆ. ನನ್ನವಳು ಮುಂದೆ, ನಾನು ಹಿಂದೆ. ಅವಳು ಆಗಾಗ ತಿರುಗಿ "ರೀ, ಇದ್ದೀರಾ?" ಅನ್ನುತ್ತಾಳೆ. ಉತ್ತರಿಸಲು ಉಸಿರಿರುವುದಿಲ್ಲ, ಕೈ ಎತ್ತುತ್ತೇನೆ.

ಮೊದಲ ಕೋಟೆಗೋಡೆ ದಾಟುವ ಹೊತ್ತಿಗೆ ಹಿಂದಿನಿಂದ ಒಂದು ಹುಡುಗರ ಗುಂಪು ಬಂತು. ಒಬ್ಬನ ಬ್ಯಾಗಿಗೆ ನೇತುಹಾಕಿದ ಸ್ಪೀಕರು, ಅದರಲ್ಲಿ ಕಿವಿ ಕಿತ್ತುಹೋಗುವಂಥ ಸಿನಿಮಾ ಹಾಡು. ನನ್ನವಳ ಹುಬ್ಬು ಗಂಟಾಯಿತು. "ಬೆಟ್ಟಕ್ಕೂ ಬ್ಯಾಂಡು ತರಬೇಕಾ ಇವ್ರು?" ಎಂದಳು. ಆ 'ಬ್ಯಾಂಡು' ನನ್ನ ತಲೆಯಲ್ಲಿ ಠಣ್ಣೆಂದಿತು. ಅಲ್ಲೇ ಒಂದು ನೆರಳಿಗೆ ಅವಳನ್ನು ಕೂರಿಸಿಕೊಂಡೆ, ಕತೆ ಹೇಳುವ ನೆಪದಲ್ಲಿ ಉಸಿರೂ ಎಳೆದುಕೊಂಡೆ.

ಸಾವನದುರ್ಗಕ್ಕೆ ನಿಜವಾದ ಬ್ಯಾಂಡು ಬಂದಿತ್ತು, 1791ರ ಡಿಸೆಂಬರ್ 21ರಂದು. ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲು ಬೆನ್ನ ಹಿಂದಿನ ದುರ್ಗಗಳನ್ನು ಒಂದೊಂದಾಗಿ ಮುಗಿಸುತ್ತಿದ್ದ ಕಾಲ. ಅಕ್ಟೋಬರಿನಲ್ಲೇ ನಂದಿ ಬಿದ್ದಿತ್ತು. ಸಾವನದುರ್ಗದ ಸುತ್ತ ಆಗ ದಟ್ಟ ಬಿದಿರುಕಾಡು, ಜ್ವರದ ಗಾಳಿ. ಅರ್ಧ ಸೈನ್ಯವನ್ನು ಕೋಟೆ ಕೊಲ್ಲುತ್ತದೆ, ಉಳಿದರ್ಧವನ್ನು ಕಾಡಿನ ಗಾಳಿ ಕೊಲ್ಲುತ್ತದೆ ಎಂದು ಟಿಪ್ಪು ನಂಬಿದ್ದನಂತೆ. ಇಂಗ್ಲಿಷರು ಸಹ ಹೆಸರಿನಲ್ಲಿ 'ಸಾವು' ಕೇಳಿಸಿಕೊಂಡು ಇದನ್ನು ಮೃತ್ಯುವಿನ ಬಂಡೆ ಎಂದೇ ಬರೆದುಕೊಂಡರು. ಅವರ ದುಭಾಷಿಗಳು ಕೊಟ್ಟ ಅರ್ಥವೇ ಇರಬೇಕು. ಬಿದಿರು ಕಡಿದು ದಾರಿ ಮಾಡಿ, ಭಾರೀ ತೋಪುಗಳನ್ನು ಎಳೆದು ತಂದು, ಕೆಲವು ದಿನ ಗೋಡೆ ಹೊಡೆದರು. ಆಮೇಲೆ ಹಗಲು ಹನ್ನೊಂದು ಗಂಟೆಗೆ ಏರಿದರು. ಆಗ 52ನೇ ರೆಜಿಮೆಂಟಿನ ವಾದ್ಯದವರು ಹಾಡು ನುಡಿಸಿದರು ಎಂದು ಆ ಯುದ್ಧದ ಕಥನಗಳಲ್ಲಿದೆ. ಹಾಡು 'ಬ್ರಿಟನ್ಸ್, ಸ್ಟ್ರೈಕ್ ಹೋಮ್'.

"ಬೆಟ್ಟ ಹತ್ತುತ್ತಾ ಊದಿದರಾ?" ಎಂದಳು ನನ್ನವಳು. ಪ್ರಶ್ನೆ ಸರಿಯಾದದ್ದು. ಇತಿಹಾಸ ಬರೆದವರು ಯಾರೂ ಅದನ್ನು ಕೇಳಿಕೊಂಡಂತಿಲ್ಲ. ಬರಿಗೈಯಲ್ಲಿ ಹತ್ತುವ ನನಗೆ 'ಹೂಂ' ಎನ್ನಲು ಶಕ್ತಿಯಿಲ್ಲ, ಇನ್ನು ಊದುವುದೆಲ್ಲಿ ಬಂತು? ಬುಡದಲ್ಲೇ ನಿಂತು ನುಡಿಸಿರಬೇಕು ಎಂದು ಬುದ್ಧಿ ಹೇಳುತ್ತದೆ. ಮನಸ್ಸು ಕೇಳುವುದಿಲ್ಲ. ನನಗೆ ಡ್ರಮ್ಮಿನವನೇ ಕಾಣುತ್ತಾನೆ. ಹೊಟ್ಟೆಯ ಮುಂದೆ ಡ್ರಮ್ಮು ಕಟ್ಟಿಕೊಂಡವನಿಗೆ ತನ್ನ ಪಾದ ಕಾಣಿಸುವುದಿಲ್ಲ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಏಳನೇ ಕ್ಲಾಸಿನಲ್ಲಿ ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಯ ಬ್ಯಾಂಡಿನಲ್ಲಿ ನಾನೇ ಡ್ರಮ್ಮು. ಪಟ್ಟಿ ನನ್ನ ಅಳತೆಗೆ ದೊಡ್ಡದು. ಮಂಡಿಗೆ ಡ್ರಮ್ಮು ಬಡಿಯುತ್ತಿತ್ತು, ಡ್ರಮ್ಮಿಗೆ ನಾನು ಬಡಿಯುತ್ತಿದ್ದೆ. ಮಳೆಯಲ್ಲಿ ನೆನೆದ ಮೈದಾನದ ಅರ್ಧ ದಾರಿಯಲ್ಲಿ ಕಾಲು ಜಾರಿ ಬೋರಲು ಬಿದ್ದೆ. ಡ್ರಮ್ಮು ಮುಖ್ಯ ಅತಿಥಿಗಳ ತನಕ ಉರುಳಿಕೊಂಡು ಹೋಯಿತು. ಸಮತಟ್ಟು ಮೈದಾನದಲ್ಲೇ ಹೀಗಾದರೆ ಸಾವನದುರ್ಗದ ಕಡಿದಾದ ಬಂಡೆಯ ಮೇಲೆ, ಎದುರಿಗೆ ಬಂದೂಕು ಇರುವಾಗ, ಆ ಬಡಪಾಯಿ ಏನಾಗಬೇಕು?

ಹಾಡಿನ ಕತೆ ಇನ್ನೂ ಸ್ವಾರಸ್ಯದ್ದು. ಅದು ಹೆನ್ರಿ ಪರ್ಸೆಲ್ 1695ರಲ್ಲಿ 'ಬಾಂಡುಕಾ' ಎಂಬ ನಾಟಕಕ್ಕೆ ಕಟ್ಟಿದ ರಂಗಗೀತೆ. ನಮ್ಮ ಗುಬ್ಬಿ ನಾಟಕ ಕಂಪನಿಯ ಹಾಡು ಇದ್ದ ಹಾಗೆ ಎನ್ನಿ. ನಾಟಕದಲ್ಲಿ ಬ್ರಿಟನ್ನಿನ ರಾಣಿಯೊಬ್ಬಳು ತನ್ನ ನೆಲಕ್ಕೆ ನುಗ್ಗಿದ ರೋಮನ್ನರ ಮೇಲೆ ತಿರುಗಿ ಬೀಳುತ್ತಾಳೆ. ಹೊರಗಿನವರನ್ನು ಓಡಿಸಿರೋ ಎಂದು ಅಲ್ಲಿಯವರು ಹಾಡುವುದೇ ಇದು. ಅದನ್ನೇ ನುಡಿಸಿಕೊಂಡು ಮಾಗಡಿ ಸೀಮೆಗೆ ನುಗ್ಗಿದವರಿಗೆ ಒಂದು ಕ್ಷಣವಾದರೂ ಅನುಮಾನ ಬರಲಿಲ್ಲವೇ? ಹಾಡಿನ ಪ್ರಕಾರ ಆ ಹೊತ್ತು ರೋಮನ್ನರು ಅವರೇ. ನಮ್ಮ ಕೋಟೆಯವರಿಗೆ ಇಂಗ್ಲಿಷು ಬಂದಿದ್ದರೆ ಮೇಲಿನಿಂದ ತಾವೇ ದನಿಗೂಡಿಸಬಹುದಿತ್ತು.

ಒಂದು ಗಂಟೆಯೊಳಗೆ ಎಲ್ಲ ಮುಗಿಯಿತಂತೆ. ಒಂದು ಶಿಖರ ಬಿದ್ದರೆ ಇನ್ನೊಂದರಲ್ಲಿ ನಿಂತು ಕಾದಾಡಬಹುದು ಎಂಬುದು ಕೋಟೆಯ ಲೆಕ್ಕಾಚಾರ. ಆದರೆ ಓಡುವವರ ಬೆನ್ನಿಗೇ ಅಟ್ಟಿಕೊಂಡು ಬಂದವರೂ ಒಟ್ಟಿಗೇ ಒಳನುಗ್ಗಿಬಿಟ್ಟರು. ಕೋಟೆಯ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಜನ ಬಂಡೆಯಿಂದ ಉರುಳಿ. ಅವರ ಹೆಸರು ಯಾರೂ ಬರೆದಿಡಲಿಲ್ಲ. ಬರೆದಿಟ್ಟದ್ದು ಹಾಡಿನ ಹೆಸರು. ಇಂಗ್ಲಿಷರ ಲೆಕ್ಕದಲ್ಲಿ ಅವರ ಕಡೆ ಗಾಯಗೊಂಡ ಸೈನಿಕ ಒಬ್ಬನೇ.

"ಡ್ರಮ್ಮಿನವನೇ ಇರಬೇಕು, ಪಾಪ," ಎಂದಳು ನನ್ನವಳು.

ಆ ಹುಡುಗರನ್ನು ತುದಿಯ ನಂದಿಮಂಟಪದಲ್ಲಿ ಮತ್ತೆ ಕಂಡೆವು. ಸ್ಪೀಕರಿನ ಬ್ಯಾಟರಿ ಮುಗಿದು ಮೂಕವಾಗಿತ್ತು. ಅವರ ನೀರೂ ಮುಗಿದಿತ್ತು. ಸೌತೆಕಾಯಿ ಕೊಟ್ಟೆವು. "ಥ್ಯಾಂಕ್ಸ್ ಆಂಟಿ" ಎಂದರು. ಹೊತ್ತು ತಂದವನು ನಾನು.

ಇಳಿಯುವುದೇ ಕಷ್ಟ. ಕಡಿದಾದ ಕಡೆ ನನ್ನವಳು ಮರ್ಯಾದೆ ಬದಿಗಿಟ್ಟು ಕೂತುಕೊಂಡೇ ಜಾರಿದಳು. ನಾನು ನಿಂತೇ ಇಳಿಯುತ್ತೇನೆಂದು ಹಟ ಹಿಡಿದು, ನಾಲ್ಕು ಹೆಜ್ಜೆಗೆ ಕೂತೆ. ಬುಡಕ್ಕೆ ಬಂದಾಗ ನನ್ನ ಪ್ಯಾಂಟು, ಅವಳ ಚೂಡಿದಾರ (ಪುಣ್ಯಕ್ಕೆ ಸೀರೆಯಲ್ಲ), ಕಾಲುಚೀಲ, ಎಲ್ಲದರಲ್ಲೂ ಉತ್ತರಾಣಿ. ನರಸಿಂಹಸ್ವಾಮಿಯ ಗುಡಿಯ ಮುಂದೆ ಕೂತು ಒಬ್ಬರದನ್ನೊಬ್ಬರು ಅರ್ಧ ಗಂಟೆ ಕಿತ್ತೆವು. ಆ ಏಳು ತಪ್ಪಿಸಿಕೊಂಡಿದ್ದವು.

"ನೀವೇನು ಹೇಳ್ತೀರಿ?" ಎಂದರು ಮೀಟಿಂಗಿನಲ್ಲಿ ಸಾಹೇಬರು. "ಆಗಬಹುದು ಸಾರ್," ಎಂದೆ. ಏನು ಆಗಬಹುದು ಎಂದು ಆಮೇಲೆ ಪಕ್ಕದವರನ್ನು ಕೇಳಬೇಕಾಯಿತು.

ಸಂಜೆ ಪೊಟ್ಟಣ ಕಸದ ಬುಟ್ಟಿಗೆ ಹಾಕಲು ಹೋದರೆ ನನ್ನವಳು ತಡೆದಳು. ಋಷಿಪಂಚಮಿಗೆ ಹಲ್ಲುಜ್ಜಲು ಅಮ್ಮನಿಗೆ ಉತ್ತರಾಣಿ ಕಡ್ಡಿ ಬೇಕು, ನೂರೆಂಟು. ಪಕ್ಕದ ಖಾಲಿ ಸೈಟಿನಲ್ಲಿ ಸಿಗುತ್ತಿತ್ತು, ಅಲ್ಲೀಗ ನಾಲ್ಕು ಅಂತಸ್ತು ಎದ್ದಿದೆ. ಬೀಜಗಳನ್ನು ತುಳಸಿಯ ಪಕ್ಕದ ಖಾಲಿ ಕುಂಡಕ್ಕೆ ಉದುರಿಸಿ ಒಂದು ಚೊಂಬು ನೀರು ಹಾಕಿದಳು. ನಾನು ಹೆಮ್ಮೆಯಿಂದ ಅತ್ತೆಗೆ ಫೋನು ಮಾಡಿ, ಸಾವನದುರ್ಗ ಹತ್ತಿ ಇಳಿದು ನಿಮ್ಮ ವ್ರತಕ್ಕೆ ಬೀಜ ತಂದಿದ್ದೇವೆ ಎಂದೆ.

"ಅಯ್ಯೋ, ಉತ್ತರಾಣಿನಾ?" ಎಂದರು ಅತ್ತೆ. "ಅದು ಬುಡದಲ್ಲೇ ಸಿಗ್ತಿತ್ತಲ್ರೀ."