ಬಿಟ್ಟ ಮೂರನೆಯ ರಾತ್ರಿ

ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಗದ್ದುಗೆಯ ಮುಂದೆ ನಿಲ್ಲಿಸಿ ಅಮ್ಮ, "ಇನ್ನು ಮುಟ್ಟಲ್ಲ ಅಂತ ಆಣೆ ಮಾಡ್ಲಾ" ಅಂದಳು. ಮಾಡಿದೆ. ಆ ಆಣೆಯನ್ನು ನಾನು ಮುರಿದಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನಾಗ ತುಮಕೂರಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಶೆಟ್ಟಿಹಳ್ಳಿಯಲ್ಲಿ ಮಹಡಿ ಮೇಲಿನ ಶೀಟಿನ ರೂಮು, ಮೂವರು ಹುಡುಗರು. ಮೊದಲ ವರ್ಷ ಗೆಳೆಯನ ಹುಟ್ಟುಹಬ್ಬಕ್ಕೆ ಬಿಯರು. ಎರಡನೇ ವರ್ಷ ಪ್ರತಿ ಶನಿವಾರ. ಆಮೇಲೆ ಲೆಕ್ಕವಿಲ್ಲ. "ಎಷ್ಟು ಹೊಡೆದ್ರೂ ಅಲ್ಲಾಡಲ್ಲ ಕಣ್ಲಾ ಇವ್ನು" ಎಂದು ಜೊತೆಯವರು ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಅದೇ ರೋಗದ ಮೊದಲ ಗುರುತು ಎಂದು ನಮಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಪೆನ್ನು ನಿಲ್ಲದೆ ಕೈ ನಡುಗತೊಡಗಿದ ಮೇಲೆ ಬೆಳಿಗ್ಗೆ ತೊಂಬತ್ತು ಎಂಎಲ್‌ನ ಪ್ಯಾಕೆಟ್ ಕುಡಿದೇ ಕಾಲೇಜಿಗೆ ಹೋಗುತ್ತಿದ್ದೆ. ಕುಡಿದರೆ ನಡುಕ ನಿಲ್ಲುತ್ತಿತ್ತು.

ಆಣೆ ಮಾಡಿದ ದಿನ ಕುಣಿಗಲ್ ಬಳಿಯ ನಮ್ಮೂರಿಗೆ ಬಂದೆ. ಆ ರಾತ್ರಿ ಬೆವರು, ವಾಂತಿ, ಒಂದು ಗಳಿಗೆ ನಿದ್ದೆಯಿಲ್ಲ. ಮರುದಿನ ಸಂಜೆ ನಡುಮನೆಯಲ್ಲಿ ಫಿಟ್ಸ್ ಬಂದು ಬಿದ್ದೆನಂತೆ. ಎಚ್ಚರವಾದಾಗ ಬಾಯಿ ತುಂಬ ರಕ್ತ, ಅಂಗೈಯಲ್ಲಿ ಯಾರೋ ಹಿಡಿಸಿದ್ದ ಬೀಗದ ಕೈ ಗೊಂಚಲು. ಅಮ್ಮ ಗೋಡೆಗೆ ಒರಗಿ ಅಳುತ್ತಿದ್ದಳು. "ಆಣೆ ಮುರಿದವ್ನೆ, ಅದಕ್ಕೆ ಸ್ವಾಮಿ ಕೆಡವವ್ನೆ." ಹೇಳೋಣವೆಂದರೆ ಕಚ್ಚಿಹೋದ ನಾಲಿಗೆ ಏಳಲಿಲ್ಲ.

ಕರೆದೊಯ್ದ ನರ್ಸಿಂಗ್ ಹೋಮಿನಲ್ಲಿ ಕುಡಿತದ ಅಭ್ಯಾಸ ಇದೆಯಾ ಎಂದು ಕೇಳಿದರು. ಅಪ್ಪ ಮರ್ಯಾದೆಗೆ ಅಂಜಿ "ಇಲ್ಲ" ಅಂದ. ನಾನೂ ತಲೆ ತಗ್ಗಿಸಿದೆ. ಅವರು ಮತ್ತೇನೂ ಕೆದಕದೆ ಮಾತ್ರೆ ಕೊಟ್ಟು ಕಳಿಸಿದರು. ಮೂರನೆಯ ರಾತ್ರಿ ಗೋಡೆಯ ತುಂಬ ಜರಿಗಳು ಹರಿದಾಡಿದವು. ರೈಲೇ ಇಲ್ಲದ ನಮ್ಮೂರಿನಲ್ಲಿ ಶೆಟ್ಟಿಹಳ್ಳಿಯ ರೈಲು ಕೂಗುತ್ತಾ ಮನೆಯೊಳಗೆ ನುಗ್ಗಿತು. ಅಮ್ಮನನ್ನೇ ಗುರುತು ಹಿಡಿಯದೆ ತಳ್ಳಿದೆನಂತೆ. ಅದೊಂದನ್ನು ನೆನೆದರೆ ಇವತ್ತಿಗೂ ಅನ್ನ ಇಳಿಯುವುದಿಲ್ಲ.

ಬೆಳಗಿನ ಜಾವ ಹೆಬ್ಬೂರಿನ ದಾರಿಯಲ್ಲಿ ತುಮಕೂರಿನ ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿನ ಡಾಕ್ಟರಮ್ಮ ಅಪ್ಪನನ್ನು ಪಕ್ಕಕ್ಕೆ ಕರೆದು, "ಕೊನೇ ಸಲ ಕುಡಿದದ್ದು ಯಾವಾಗ?" ಎಂದು ಕೇಳಿದರು. ಅಪ್ಪ ಈ ಸಲ ಸುಳ್ಳು ಹೇಳಲಿಲ್ಲ. ಬಿ-1 ವಿಟಮಿನ್ನಿನ ಇಂಜೆಕ್ಷನ್, ದಿನದಿನಕ್ಕೆ ಇಳಿಸುತ್ತಾ ಹೋಗುವ ಮಾತ್ರೆ. ನಾಲ್ಕು ದಿನಕ್ಕೆ ಮನುಷ್ಯನಾದೆ. ದಿನಾ ಕುಡಿಯುವವನ ಮಿದುಳು ಆ ಮಂಪರಿಗೆ ಎದುರಾಗಿ ಜೋರಾಗಿ ಓಡುವುದನ್ನು ಕಲಿತಿರುತ್ತದೆ, ಕುಡಿತ ತಟ್ಟನೆ ನಿಂತರೆ ಆ ಓಟಕ್ಕೆ ಹಿಡಿತವೇ ಇರುವುದಿಲ್ಲ, ಫಿಟ್ಸೂ ಭ್ರಮೆಯೂ ಬರುತ್ತವೆ, ಜೀವವೂ ಹೋಗಬಹುದು ಎಂದು ಅವರು ಅಮ್ಮನಿಗೆ ಬಿಡಿಸಿ ಹೇಳಿದರು.

"ಬಿಟ್ರೂ ಹಿಂಗಾಯ್ತದಾ ತಾಯಿ? ಹಂಗಾದ್ರೆ ನನ್ ಮಗ ಆಣೆ ಮುರೀಲಿಲ್ವಾ?"

"ಇಲ್ಲಮ್ಮ. ಮುರಿದಿದ್ರೆ ಅವತ್ತು ಫಿಟ್ಸ್ ಬರ್ತಿರ್ಲಿಲ್ಲ."

ಅಮ್ಮ ನನ್ನ ಕಾಲಿನ ಹತ್ತಿರ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾಲ್ಕು ತಿಂಗಳಿಗೆ ಮತ್ತೆ ಕುಡಿದೆ. ಆಗ ಆಣೆ ಮುರಿದದ್ದು ನಿಜ. ಅಮ್ಮ ಈ ಸಲ ಎಡೆಯೂರಿಗೆ ಕರೆಯಲಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ಗೆ ಬಸ್ಸು ಹತ್ತಿಸಿದಳು.

ಮೊನ್ನೆ ಶೆಟ್ಟಿಹಳ್ಳಿಯಿಂದ ಕಿರಿಯನೊಬ್ಬ ರಾತ್ರಿ ಫೋನ್ ಮಾಡಿದ. "ಅಣ್ಣಾ, ನಾಳೆಯಿಂದ ಪೂರ್ತಿ ಬಿಟ್ಬಿಡ್ತೀನಿ, ಯಾರಿಗೂ ಹೇಳ್ಬೇಡ."

"ಬೆಳಿಗ್ಗೆ ಕೈ ನಡುಗ್ತದಾ?"

ಅವನು ಸುಮ್ಮನಾದ.

"ಒಬ್ನೇ ಬಿಡಕ್ಕೆ ಹೋಗ್ಬೇಡ. ಬರ್ತೀನಿ, ಇಬ್ರೂ ಡಾಕ್ಟರ ಹತ್ರ ಹೋಗಣ" ಅಂದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಓಪಿಡಿ ಚೀಟಿಯ ಸಾಲಿನಲ್ಲಿ ನಿಂತಾಗ ಅವನ ಕೈ ನಡುಗುತ್ತಿತ್ತು, ನಾನು ಹಿಡಿದುಕೊಂಡೆ.