ಎರವಲು ಬಣ್ಣ

ನಮ್ಮ ಹಿತ್ತಿಲಿನ ಕರಿಬೇವಿನ ಗಿಡಕ್ಕೆ ಹುಳು ಹತ್ತಿದ ಸುದ್ದಿ ನನಗೆ ತಲುಪಿದುದು ಒಗ್ಗರಣೆಯ ಮೂಲಕ. ಎರಡು ದಿನಗಳಿಂದ ಸಾರಿನಲ್ಲಿ ಕರಿಬೇವಿನ ಸುಳಿವಿಲ್ಲದುದನ್ನು ಕಂಡು ವಿಚಾರಿಸಲು, “ಮೊದಲು ಗಿಡವನ್ನು ನೋಡಿ ಬನ್ನಿ, ಆಮೇಲೆ ಮಾತನಾಡಿ” ಎಂದು ಮನೆಯಾಕೆಯಿಂದ ಉತ್ತರ ಬಂದಿತು. ಹೋಗಿ ನೋಡಿದೆ. ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ನಾಲ್ಕಾರು ಚೂರುಗಳೂ, ಎಲೆಯಷ್ಟೇ ಹಸುರಾದ ಎರಡು ದಪ್ಪ ಹುಳುಗಳೂ ಇದ್ದವು. ಕಡ್ಡಿಯಿಂದ ಮುಟ್ಟಿದೊಡನೆ ಹಸುರು ಹುಳು ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಚಾಚಿ, ಘಾಟು ವಾಸನೆಯನ್ನು ಬೀರಿ ನನ್ನನ್ನು ಹಿಮ್ಮೆಟ್ಟಿಸಿತು. ಹಿಕ್ಕೆಯೆಂದು ನಾನು ಬಗೆದವು ಅದರ ಕಿರಿಯ ಒಡಹುಟ್ಟುಗಳೇ ಎಂಬುದು ಅವು ಮಿಸುಕಿದಾಗ ತಿಳಿಯಿತು.

ಕೊಲ್ಲಲು ಕೈ ಬಾರದೆ, ದಪ್ಪನೆಯ ಎರಡನ್ನೂ ರೆಂಬೆಸಹಿತ ಗಾಜಿನ ಭರಣಿಯೊಂದಕ್ಕೆ ಸೇರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಮಗಳ ವಶಕ್ಕೆ ಒಪ್ಪಿಸಿದೆ. ಕೆಲವು ದಿನಗಳಲ್ಲಿ ಅವು ಕೋಶ ಕಟ್ಟಿಕೊಂಡು ಮೌನವ್ರತ ಹಿಡಿದವು. ವಾರ ಕಳೆದು ಇನ್ನಷ್ಟು ದಿನಗಳಾದ ಮೇಲೆ ಮೊದಲನೆಯದು ಒಡೆಯಿತು: ಕಪ್ಪು ರೆಕ್ಕೆ, ಅದರ ಮೇಲೆ ಬಿಳಿಯ ಮಚ್ಚೆಗಳ ಸಾಲು. ಮರುದಿನ ಎರಡನೆಯದು ಹೊರಬಂದಿತು. ಅದರ ಹಿಂದಿನ ರೆಕ್ಕೆಯ ನಡುವೆ ಬಿಳಿಯ ಹರಹು, ಅಂಚಿನಲ್ಲಿ ಕುಂಕುಮದ ಬೊಟ್ಟುಗಳು. ಒಂದೇ ಗಿಡದ ಎಲೆ ತಿಂದು ಒಂದೇ ರೂಪದಲ್ಲಿ ಬೆಳೆದ ಹುಳುಗಳೆರಡು ಎರಡು ಜಾತಿಯ ಚಿಟ್ಟೆಗಳಾದುವಲ್ಲ ಎಂದು ನಾನು ಬೆರಗಾದೆ.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರು ನಕ್ಕು ನನ್ನ ಅಜ್ಞಾನವನ್ನು ಕಳೆದರು. ಜಾತಿ ಎರಡಲ್ಲ, ಒಂದೇ. ಹೆಸರು ಕಾಮನ್ ಮಾರ್ಮನ್. ಬಿಳಿ ಮಚ್ಚೆಯದು ಗಂಡು, ಕುಂಕುಮದ ಬೊಟ್ಟಿನದು ಹೆಣ್ಣು. ಕಾಮನ್ ರೋಸ್ ಎಂಬ ಇನ್ನೊಂದು ಚಿಟ್ಟೆಯಿದೆ. ಅದರ ಹುಳು ಈಶ್ವರಬಳ್ಳಿಯ ಎಲೆಯನ್ನು ತಿಂದು ಬೆಳೆಯುತ್ತದೆ. ಬಳ್ಳಿಯ ವಿಷ ಚಿಟ್ಟೆಯ ಮೈಯಲ್ಲಿಯೂ ಉಳಿಯುತ್ತದೆ. ಒಮ್ಮೆ ತಿಂದು ನೊಂದ ಹಕ್ಕಿ ಆ ಕೆಂಪುಬಿಳುಪನ್ನು ಮರೆಯುವುದಿಲ್ಲ. ಕರಿಬೇವು, ನಿಂಬೆಗಳ ಎಲೆಯನ್ನು ತಿಂದು ಬೆಳೆದ ನಮ್ಮ ಚಿಟ್ಟೆಯಲ್ಲಿ ಆ ವಿಷವಿಲ್ಲ. ವಿಷದ ಬಣ್ಣವನ್ನು ಮಾತ್ರ ಅದು ಎರವಲು ಪಡೆದಿದೆ. ಹೆಣ್ಣುಗಳಲ್ಲಿಯೂ ಕೆಲವು ಗಂಡಿನಂತೆಯೇ ಇರುತ್ತವೆ. ಕೆಲವು ಕಾಮನ್ ರೋಸನ್ನು, ಮತ್ತೆ ಕೆಲವು ಕ್ರಿಮ್ಸನ್ ರೋಸನ್ನು ಹೋಲುತ್ತವೆ. ಇವೆಲ್ಲವೂ ಒಂದೇ ಜಾತಿಯೆಂಬುದನ್ನು ವಾಲೇಸ್ 1865ರಲ್ಲಿಯೇ ಬರೆದಿದ್ದ. ಈ ವೇಷಗಳ ಬದಲಾವಣೆ ಡಬಲ್‌ಸೆಕ್ಸ್ ಎಂಬ ಒಂದೇ ಒಂದು ಜೀನಿನ ಅಧೀನವೆಂದು ಬೆಂಗಳೂರಿನ ಕೃಷ್ಣಮೇಘ ಕುಂಟೆಯವರೂ ಅವರ ಸಂಗಡಿಗರೂ 2014ರಲ್ಲಿ ತೋರಿಸಿಕೊಟ್ಟರು.

“ಹಾಗಾದರೆ ನಮ್ಮ ಚಿಟ್ಟೆ ಸುಳ್ಳು ಹೇಳುತ್ತದೆಯೇ?” ಎಂದಳು ಮಗಳು. ಅದು ಹೇಳುವುದಿಲ್ಲ, ಹುಟ್ಟಿರುವುದೇ ಹಾಗೆ ಎಂದು ಸಮಾಧಾನ ಹೇಳಿದೆನಾದರೂ, ಆ ಪ್ರಶ್ನೆ ನನ್ನ ಎದೆಯಲ್ಲಿ ಮುಳ್ಳಿನಂತೆ ನೆಟ್ಟುಕೊಂಡಿತು. ಅದಕ್ಕೆ ಕಾರಣವಿದೆ.

ಅದೇ ವಾರ ತರಗತಿಯ ಪರೀಕ್ಷೆಯ ಉತ್ತರಗಳನ್ನು ನೋಡಿದ್ದೆ. ಪಂಪಭಾರತದ ಕರ್ಣನನ್ನು ಕುರಿತ ಪ್ರಶ್ನೆಗೆ ಮೂವತ್ತು ಮಂದಿ ಒಂದೇ ಉತ್ತರವನ್ನು, ಅಕ್ಷರವೂ ವ್ಯತ್ಯಾಸವಿಲ್ಲದಂತೆ ಬರೆದಿದ್ದರು. ಸಿಟ್ಟು ಬಂದು, ಕೈಗೆ ಸಿಕ್ಕ ಒಂದನ್ನು ಗಟ್ಟಿಯಾಗಿ ಓದಿ, “ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ” ಎಂದು ಹಂಗಿಸಿದೆ. ತರಗತಿ ನಕ್ಕಿತು. ಹಳ್ಳಿಯಿಂದ ನಡೆದು ಬರುವ, ಕೊನೆಯ ಬೆಂಚಿನ ಆ ಹುಡುಗ ಮಾತ್ರ ತಲೆ ತಗ್ಗಿಸಿದವನು ಗಂಟೆ ಬಾರಿಸುವ ತನಕ ಎತ್ತಲಿಲ್ಲ.

ಚಿಟ್ಟೆಯ ಕಥೆ ಕೇಳಿದ ರಾತ್ರಿ ಹಳೆಯ ಪೆಟ್ಟಿಗೆಯನ್ನು ತೆರೆದು ನನ್ನ ಎಂ.ಎ. ತರಗತಿಯ ಟಿಪ್ಪಣಿಗಳನ್ನು ಹೊರತೆಗೆದೆ. ಮೂವತ್ತು ಮಂದಿ ಬರೆದ ಆ ವಾಕ್ಯಗಳು ಅಲ್ಲಿದ್ದವು. ಅವು ನನ್ನವಲ್ಲ, ನನ್ನ ಗುರುಗಳವು. ಅವರು ವರ್ಷಗಟ್ಟಲೆ ಪಂಪನನ್ನು ಓದಿ ಸಂಪಾದಿಸಿದ ಮಾತನ್ನು ನಾನು ಬರೆದುಕೊಂಡೆ. ಅವರ ಹೆಸರನ್ನು ಹೇಳದೆ, ಅವರದೇ ಧ್ವನಿಯ ಏರಿಳಿತದಲ್ಲಿ ಮಕ್ಕಳಿಗೆ ಬರೆಸಿದೆ. ಮೊದಲ ಕೆಂಬೂತ ವೇದಿಕೆಯ ಮೇಲೆಯೇ ನಿಂತಿತ್ತು.

ಈ ಬಗೆಯ ಅನುಕರಣೆಯ ಮರ್ಮವನ್ನು ಮೊದಲು ವಿವರಿಸಿದವನು ಹೆನ್ರಿ ವಾಲ್ಟರ್ ಬೇಟ್ಸ್. ಇಂಗ್ಲೆಂಡಿನ ಲೆಸ್ಟರ್ ಊರಿನ ಕಾಲುಚೀಲದ ವ್ಯಾಪಾರಿಯ ಮಗ. 1848ರಿಂದ 1859ರವರೆಗೆ ಅಮೆಜಾನ್ ಕಾಡಿನಲ್ಲಿ ಅಲೆದು, ಮಂದಗತಿಯಲ್ಲಿ ನಿರ್ಭಯವಾಗಿ ಹಾರುವ ಬಣ್ಣದ ಚಿಟ್ಟೆಗಳ ಗುಂಪಿನೊಳಗೆ ಅವುಗಳ ವೇಷ ತೊಟ್ಟ ಬೇರೆ ಕುಲದ ಚಿಟ್ಟೆಗಳಿರುವುದನ್ನು ಕಂಡು, 1862ರಲ್ಲಿ ಪ್ರಕಟಿಸಿದ. ಇಂತಹ ವೇಷ ಫಲಿಸಬೇಕಾದರೆ ವೇಷಧಾರಿಗಳ ಸಂಖ್ಯೆ ಮಿತಿ ಮೀರಬಾರದು. ಖೋಟಾ ನಾಣ್ಯ ಹೆಚ್ಚಿದರೆ ಹಕ್ಕಿಗೆ ಮೊದಲು ದೊರೆಯುವುದು ರುಚಿಯ ಚಿಟ್ಟೆಯೇ. ಆಗ ಆ ಬಣ್ಣದ ಭಯ ಹೋಗುತ್ತದೆ. ಸುಳ್ಳಿನೊಡನೆ ನಿಜವೂ ಬೆಲೆಗೆಡುತ್ತದೆ. ನನ್ನ ಗುರುಗಳ ಮಾತಿಗೆ ಮೂವತ್ತು ಪುಸ್ತಕಗಳಲ್ಲಿ ಆದುದೂ ಇದೇ.

ಹುಡುಗನ ಉತ್ತರವನ್ನು ಮತ್ತೆ ತೆಗೆದೆ. ಅದರ ಕೊನೆಯಲ್ಲಿ, ಬೇರೆ ಯಾರ ಪುಸ್ತಕದಲ್ಲಿಯೂ ಇಲ್ಲದ ಒಂದು ಸಾಲಿತ್ತು: ತಾಯಿ ತಾನೆಂದು ಕುಂತಿ ಹೇಳಿದಾಗ ಕರ್ಣನಿಗೆ, ಎಲ್ಲರ ಊಟ ಮುಗಿದ ಮೇಲೆ ಕರೆ ಬಂದ ನೆಂಟನಂತೆ ಅನ್ನಿಸಿರಬೇಕು. ಎರಡು ಕಾಗುಣಿತದ ತಪ್ಪುಗಳಿದ್ದವು. ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ‘ಅಪ್ರಸ್ತುತ’ ಎಂದು ನಾನೇ ಬರೆದಿದ್ದೆ! ಹಕ್ಕಿಗಳ ಕಣ್ಣಿಗೆ ಹೆದರಿ ಎರವಲು ರೆಕ್ಕೆ ತೊಟ್ಟ ಆ ಹುಡುಗ ಒಂದೇ ಒಂದು ಕಡೆ ತನ್ನ ಮೈಯನ್ನು ತೋರಿದ್ದ. ನಾನು ಕುಕ್ಕಿದುದು ಸರಿಯಾಗಿ ಅಲ್ಲಿಗೇ.

ಮರುದಿನ ತರಗತಿಯಲ್ಲಿ ಟಿಪ್ಪಣಿ ಯಾರದೆಂಬುದನ್ನು ಹೇಳಿದೆ. ಗುರುಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದೆ. ಆಮೇಲೆ ಆ ಒಂದು ಸಾಲನ್ನು ಓದಿ, ಹಂಗಿಸಿದ್ದಕ್ಕೆ ಕ್ಷಮೆ ಕೇಳಿದೆ. ಈ ಸಲ ಯಾರೂ ನಗಲಿಲ್ಲ. ಹುಡುಗ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದ. ಅಷ್ಟೇ. ಒಂದು ದಿನದಲ್ಲಿ ವಾಸಿಯಾಗುವ ಗಾಯವಲ್ಲ ಅದು.

ಸಂಜೆ ಮಗಳು ಹೆಣ್ಣುಚಿಟ್ಟೆಯನ್ನು ದಾಸವಾಳದ ಮೇಲೆ ಬಿಟ್ಟಳು. ನಿಜವಾದ ಕಾಮನ್ ರೋಸಿಗೆ ಮೈಯೂ ಕೆಂಪಂತೆ. ಬಾಗಿ ನೋಡಿದೆ: ರೆಕ್ಕೆಯ ಕುಂಕುಮದ ನಡುವೆ ನಮ್ಮ ಚಿಟ್ಟೆಯ ಮೈ ಕಪ್ಪಾಗಿಯೇ ಇತ್ತು. ಅದು ಬೇಲಿ ದಾಟಿ ಹೋಯಿತು. ಗಿಡದಲ್ಲಿ ಉಳಿದ ಹುಳುಗಳು ಈಗ ಹಸುರಾಗಿವೆ. ಸಾರಿಗೆ ಕರಿಬೇವನ್ನು ಪೇಟೆಯಿಂದ ತರುತ್ತಿದ್ದೇವೆ.