ಒಳದಾರಿಗೂ ಬೀಗವಿರಲಿ

ಪಿಗ್ಮಿ ಠೇವಣಿಯೆಂಬ ಉಳಿತಾಯದ ಕ್ರಮವನ್ನು 1928ರಲ್ಲಿ ಆರಂಭಿಸಿದುದು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆ. ದಿನದ ಸಂಪಾದನೆಯಲ್ಲಿ ಉಳಿದ ಪುಡಿಗಾಸನ್ನು ಮನೆಬಾಗಿಲಿಗೆ ಬಂದು ಪಡೆದು, ಪುಸ್ತಕದಲ್ಲಿ ಬರೆದುಕೊಟ್ಟು ಹೋಗುವ ಆ ಪದ್ಧತಿ ಮಂಗಳೂರಿನಲ್ಲಿ ಇಂದಿಗೂ ಜೀವಂತವಾಗಿದೆ. ಬಯಲುಸೀಮೆಯಿಂದ ದುಡಿಮೆಗಾಗಿ ಬಂದು ಇಲ್ಲಿ ನೆಲೆಸಿದ ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಮಗಳ ಮದುವೆಗೆ, ಮಗನ ಓದಿಗೆ ಹಣ ಕೂಡಿಡುವುದು ಹೀಗೆಯೇ. ಬದಲಾದದ್ದು ಪುಸ್ತಕ ಮಾತ್ರ. ಸಂಗ್ರಾಹಕರು ಕೈಯಂತ್ರದಲ್ಲಿ ಒತ್ತಿದ ಅಂಕಿ ಈಗ ಸಂಘದ ಕಪಾಟಿಗೆ ಬರುವುದಿಲ್ಲ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ದೊಡ್ಡ ಕಂಪನಿಯೊಂದು ಕಟ್ಟಿಸಿದ ಕಂಪ್ಯೂಟರುಗಳ ಭವನವನ್ನು ಸೇರುತ್ತದೆ. ಇದನ್ನೇ ಕ್ಲೌಡ್ ಎನ್ನುತ್ತಾರೆ. ಹೆಸರು ಮೋಡವಾದರೂ ಅದಿರುವುದು ನೆಲದ ಮೇಲೆಯೇ, ಪರರ ಕಟ್ಟಡದ ಬಾಡಿಗೆಯ ಕೋಣೆಯಲ್ಲಿ.

ಬ್ಯಾಂಕಿನ ಗಣಕ ವಿಭಾಗದಲ್ಲಿ ದುಡಿದು ನಿವೃತ್ತರಾದ ನಮ್ಮನ್ನು ನಗರದ ಪತ್ತಿನ ಸಹಕಾರ ಸಂಘವೊಂದರ ಆಡಳಿತ ಮಂಡಳಿಯವರು ಕಳೆದ ವರ್ಷ ಸಭೆಗೆ ಬರಮಾಡಿಕೊಂಡಿದ್ದರು. ಸಂಘದ ಕಚೇರಿಗೂ ಕ್ಲೌಡಿಗೂ ನಡುವೆ ಖಾಸಗಿ ಸಂಪರ್ಕವಿದೆ, ಚಿಂತೆಗೆ ಕಾರಣವಿಲ್ಲ ಎಂದು ಸಾಫ್ಟ್‌ವೇರ್ ಒದಗಿಸಿದವರು ಬರೆದುಕೊಟ್ಟಿದ್ದರು. ಹಿರಿಯರಾದ ಅಧ್ಯಕ್ಷರು ಆ ಪತ್ರವನ್ನು ನಮ್ಮ ಮುಂದಿಟ್ಟು, "ಖಾಸಗಿ ಎಂದ ಮಾತ್ರಕ್ಕೆ ಭದ್ರ ಎಂದಾಯಿತೇ ಸರ್?" ಎಂದು ಕೇಳಿದರು. ಕಂಪ್ಯೂಟರನ್ನೇ ಮುಟ್ಟದವರು ಕೇಳಿದ ಆ ಪ್ರಶ್ನೆಯನ್ನು ಅದನ್ನು ಬಲ್ಲವರು ಕೇಳುವುದು ಅಪರೂಪ.

ಖಾಸಗಿ ಸಂಪರ್ಕದಲ್ಲಿ ಎರಡು ಬಗೆ. ಸಾರ್ವಜನಿಕ ಅಂತರ್ಜಾಲದ ಮೂಲಕವೇ, ಆದರೆ ಗೂಢಲಿಪಿಯ ಪೆಟ್ಟಿಗೆಯಲ್ಲಿ ಮುಚ್ಚಿ ಮಾಹಿತಿಯನ್ನು ಸಾಗಿಸುವುದು ವಿಪಿಎನ್. ಬಾಡಿಗೆ ಕೊಟ್ಟು ನಮಗಾಗಿಯೇ ಎಳೆಸಿಕೊಂಡ ತಂತಿಯಲ್ಲಿ ಸಾಗಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ವೆಚ್ಚ ಹೆಚ್ಚು; ಆದುದರಿಂದ ಭದ್ರತೆಯೂ ಹೆಚ್ಚು ಎಂದು ಜನ ಭಾವಿಸುತ್ತಾರೆ. ಆದರೆ ಅಮೆಜಾನಿನ ಡೈರೆಕ್ಟ್ ಕನೆಕ್ಟ್ ಆಗಲಿ ಮೈಕ್ರೋಸಾಫ್ಟಿನ ಎಕ್ಸ್‌ಪ್ರೆಸ್‌ರೂಟ್ ಆಗಲಿ, ಗೂಢಲಿಪಿಯು ತಾನಾಗಿ ಬರುವುದಿಲ್ಲ, ಬೇರೆಯಾಗಿ ಏರ್ಪಡಿಸಿಕೊಳ್ಳಬೇಕು. ಸ್ವಂತ ದಾರಿಯೆಂಬ ಧೈರ್ಯದಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದೇ ಹೊರಟವರು ಬಹಳ ಮಂದಿ.

ಈ ಸಂಘದಲ್ಲಿದ್ದುದು ವಿಪಿಎನ್. ಮಂಡಳಿಯವರಿಂದ ಲಿಖಿತ ಅನುಮತಿ ಪಡೆದು ಪರೀಕ್ಷೆಗೆ ತೊಡಗಿದೆವು. (ಅನುಮತಿಯಿಲ್ಲದೆ ಪರರ ಬಾಗಿಲು ತಟ್ಟಿ ನೋಡುವುದು ಕಾನೂನಿನಂತೆ ಅಪರಾಧವಾದೀತು, ಉತ್ಸಾಹಿ ಯುವಕರು ಗಮನಿಸಬೇಕು.) ಮೊದಲು ಸಂಘದ ಕಚೇರಿಯಿಂದ ಹೊರಗೆ ಬಂದು, ಹಂಪನಕಟ್ಟೆಯ ಬಸ್ ನಿಲ್ದಾಣದ ಬಳಿ ನಿಂತು, ನಮ್ಮ ಮೊಬೈಲಿನ ಸಾಮಾನ್ಯ ಅಂತರ್ಜಾಲದಿಂದ ಸಂಘದ ಸರ್ವರನ್ನು ಕರೆದೆವು. ಅದು ಓಗೊಡಬಾರದಿತ್ತು. ಸಂಘದ ಹೆಸರಿನೊಡನೆ ಪಾಸ್‌ವರ್ಡ್ ಕೇಳುವ ಪುಟವೇ ತೆರೆದುಕೊಂಡಿತು! ಖಾಸಗಿ ಒಳಬಾಗಿಲನ್ನು ಮಾಡಿಸಿದ್ದರು, ನಿಜ. ಅದಕ್ಕೆ ಮೊದಲು ಇದ್ದ ಬೀದಿಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಒಳಗೆ ಕುಳಿತು ಎಷ್ಟು ಪರೀಕ್ಷಿಸಿದರೂ ಇದು ಕಾಣುವಂತಿರಲಿಲ್ಲ. ಒಳಗಿದ್ದವರಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತಲ್ಲ!

ಎರಡನೆಯದಾಗಿ ವಿಪಿಎನ್ನಿನ ರಹಸ್ಯ ಪದ. ಅಳವಡಿಸಿದ ದಿನ ಇಟ್ಟುದನ್ನು ಮತ್ತೆ ಬದಲಿಸಿರಲಿಲ್ಲ. ಅದನ್ನು ಬಲ್ಲ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗಿದ್ದರು. ಮನೆಯ ಕೆಲಸದವರು ಬದಲಾದಾಗ ಬೀಗ ಬದಲಿಸುವ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯ ವಿಷಯ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಸಣ್ಣ ಬ್ಯಾಂಕುಗಳಿಗೆ ಗಣಕ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಗೆ 2024ರ ಜುಲೈ ಕೊನೆಯಲ್ಲಿ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ರಾಷ್ಟ್ರೀಯ ಪಾವತಿ ನಿಗಮವು ಜುಲೈ 31ರಂದು ಆ ಕಂಪನಿಯ ಸಂಪರ್ಕವನ್ನು ಕಡಿಯಿತು. ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮುಂತಾದ ಸೇವೆಗಳು ನಿಂತವು. ಪರಿಶೀಲನೆಯ ಬಳಿಕ ಮರುದಿನ ಸಂಪರ್ಕ ಮರಳಿತು. ಜನರಿಗೆ ತೊಂದರೆಯಾಯಿತೆಂಬುದು ಸರಿ, ಆದರೂ ನಿಗಮದ ನಿರ್ಧಾರವನ್ನು ನಾವು ಮೆಚ್ಚುತ್ತೇವೆ. ಆ ತುದಿಯಲ್ಲಿ ರೋಗ ಕಾಣಿಸಿದಾಗ ಈ ತುದಿಗೆ ಅದನ್ನು ಸಲೀಸಾಗಿ ತರುವುದು ನಂಬಿದ ಒಳದಾರಿಯೇ ಅಲ್ಲವೇ?

ಅಂತಹ ಗಳಿಗೆ ಭಾನುವಾರ ರಾತ್ರಿ ಬಂದರೆ ಸಂಪರ್ಕ ಕಡಿಯುವವರು ಯಾರು ಎಂದು ಮಂಡಳಿಯಲ್ಲಿ ಕೇಳಿದೆವು. ಕಾರ್ಯದರ್ಶಿಗಳು ಸಾಫ್ಟ್‌ವೇರಿನವರತ್ತ ನೋಡಿದರು. ಅವರು ಕ್ಲೌಡಿನವರ ಹೆಸರು ಹೇಳಿದರು. ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಗಣಕದ ಕೆಲಸವನ್ನು ಹೊರಗಿನವರಿಗೆ ವಹಿಸಿದರೂ ಅಂತಿಮ ಹೊಣೆ ಬ್ಯಾಂಕಿನ ಆಡಳಿತದ್ದೇ. ಪತ್ತಿನ ಸಂಘಗಳು ಆ ನಿರ್ದೇಶನದ ವ್ಯಾಪ್ತಿಗೆ ಬಾರವು. ಆದರೆ ಹಣ ಇಟ್ಟ ತಾಯಂದಿರು ನಾಳೆ ಬಂದು ಕೇಳುವುದು ಕ್ಲೌಡಿನವರನ್ನಲ್ಲ, ಪರಿಚಯದ ನಿರ್ದೇಶಕರನ್ನು.

ಬೀದಿಬಾಗಿಲು ಎರಡೇ ದಿನಗಳಲ್ಲಿ ಮುಚ್ಚಿತು. ಮುಚ್ಚಿದೆವು ಎಂಬ ಪತ್ರವನ್ನು ನಂಬದೆ ಅದೇ ಸ್ಥಳದಿಂದ ಮತ್ತೊಮ್ಮೆ ಕರೆದು ನೋಡಿದೆವು, ಉತ್ತರ ಬರಲಿಲ್ಲ. ರಹಸ್ಯ ಪದವೂ ಬದಲಾಗಿದೆ. ಸಂಪರ್ಕವನ್ನು ಯಾರು ಕಡಿಯಬೇಕೆಂಬುದು ಮಾತ್ರ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಎರಡನೆಯ ವಿಷಯವಾಗಿದೆ. ಮೊದಲನೆಯದು ಲಾಭಾಂಶದ ಹಂಚಿಕೆ.